ಹೊರಗೆ ಮಾತ್ರ ತೊಳೆಯಿರಿ

"ಅಯ್ಯೋ, ತಡೀರಿ! ಅದನ್ನ ಮುಟ್ಟಿಸ್ಬೇಡಿ!"

ಪಾತ್ರೆ ಉಜ್ಜುವ ಹಸಿರು ನಾರು ಕಾರಿನ ಬಾನೆಟ್ಟಿಗೆ ಇನ್ನೇನು ತಾಗಬೇಕು, ಪಕ್ಕದ ಮನೆಯ ಗೋಡೆ ಹಾರಿ ಬಂದವನೊಬ್ಬ ಅದನ್ನು ಅವಳ ಕೈಯಿಂದ ಕಿತ್ತುಕೊಂಡಿದ್ದ!

ಬೇರೆ ಯಾರಾದರೂ ಆಗಿದ್ದರೆ ಬೆಚ್ಚಿಬೀಳುತ್ತಿದ್ದರು. ಅವಳು ಬೆಚ್ಚಲಿಲ್ಲ. ಖಾಲಿಯಾದ ತನ್ನ ಕೈಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು, ಅಷ್ಟೆ.

"ಇದ್ರಲ್ಲಿ ಉಜ್ಜಿದ್ರೆ ಬಣ್ಣದ ಮೇಲೆಲ್ಲ ಗೀರು ಬೀಳುತ್ತೆ. ಬಕೆಟ್‌ನಲ್ಲಿ ಏನು, ಪಾತ್ರೆ ಸೋಪಾ?"

"ಹೌದು."

"ಅದೂ ಬೇಡ. ಪಾತ್ರೆ ಜಿಡ್ಡು ತೆಗೆಯೋ ಸೋಪು ಕಾರಿಗೆ ಹೊಳಪು ಕೊಡೋ ವ್ಯಾಕ್ಸನ್ನೂ ತೆಗೆದುಬಿಡುತ್ತೆ."

"ಸರಿ."

ಅವನು ಪೆಚ್ಚಾದ. ಜಗಳಕ್ಕೆ ಸಿದ್ಧನಾಗಿ ಬಂದವನ ಎದುರು 'ಸರಿ' ಅಂದುಬಿಟ್ಟರೆ ಏನು ಮಾಡುವುದು?

"ಕ್ಷಮಿಸಿ... ನಾನು ಪಕ್ಕದ ಮನೆಯವನು. ದನದ ಡಾಕ್ಟ್ರು."

"ಗೊತ್ತು. ಅತ್ತೆ ಹೇಳಿದ್ರು."

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದವಳು. 'ಅಲ್ಲಾಡಬೇಡಿ, ಉಸಿರು ಬಿಗಿ ಹಿಡೀರಿ, ಹಾಂ, ಬಿಡಿ' ಎಂದು ದಿನವಿಡೀ ಹೇಳುವುದು, ಮನೆಗೆ ಬಂದು ಅತ್ತೆಯ ಜೊತೆ ಊಟ ಮಾಡುವುದು, ಮಲಗುವುದು. ಗಂಡ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕುಸಿದು ಪ್ರಾಣ ಬಿಟ್ಟು ಎರಡು ವರ್ಷವಾಗಿತ್ತು. ಅವತ್ತಿನಿಂದ ಅವನ ಕಾರು ಹೊದಿಕೆಯಡಿ ನಿಂತೇ ಇತ್ತು. ಅವತ್ತು ಅವಳಿಗೆ ಅಳು ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ಎಷ್ಟು ಗಟ್ಟಿಗಿತ್ತಿ ಎಂದು ನೆಂಟರು ಮೆಚ್ಚಿಕೊಂಡಿದ್ದರು. ಗಟ್ಟಿ ಏನೂ ಅಲ್ಲ... ಒಳಗೆ ಏನೂ ಇರಲಿಲ್ಲ.

"ಮಾರ್ತಿದ್ದೀವಿ," ಎಂದಳು. "ಕೊಳ್ಳೋರು ನೋಡೋಕೆ ಬರೋದ್ರೊಳಗೆ ಸ್ವಲ್ಪ ಚೊಕ್ಕ ಮಾಡೋಣ ಅಂತ."

"ಹಾಗಾದ್ರೆ ಸರಿಯಾಗಿ ಮಾಡೋಣ. ಸಂಜೆ ಅಂಗಡಿಗೆ ಹೋಗಿ ಬೇಕಾದ್ದು ತರೋಣ, ಬರ್ತೀರಾ?"

'ನಮ್ಮ ಕಾರಿನ ಉಸಾಬರಿ ಇವರಿಗ್ಯಾಕೆ?' ಎನ್ನಿಸಬೇಕಿತ್ತು. ಅದೂ ಅನ್ನಿಸಲಿಲ್ಲ.

ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಬಾಟಲಿಗಳು. ಕೆಂಪು, ನೀಲಿ, ಜೇನಿನ ಬಣ್ಣದವು.

"ಯಾವ ಶಾಂಪೂ ತಗೊಳ್ಳೋಣ?" ಅವನು ಕೇಳಿದ.

"ಯಾವುದಾದ್ರೂ ಸರಿ."

"ಯಾವುದಾದ್ರೂ ಅಂತ ಇಲ್ಲಿ ಒಂದೂ ಇಲ್ಲ. ಹುಡುಕಿದೆ."

ಅವಳು ಅವನತ್ತ ತಿರುಗಿದಳು. ಅವನು ನಗದೆ ಕನ್ನಡಕ ಏರಿಸಿ ಬಾಟಲಿಯ ಹಿಂಬದಿ ಓದುತ್ತಿದ್ದ.

"ಇದು ನೊರೆ ಜಾಸ್ತಿ ಬರುತ್ತೆ. ಇದು ಕಮ್ಮಿ, ಆದ್ರೆ ಬಣ್ಣಕ್ಕೆ ಸೌಮ್ಯ. ಹೇಳಿ."

ಬೇಕೇ, ಬೇಡವೇ, ಇದೋ, ಅದೋ... ಎರಡು ವರ್ಷದಿಂದ ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದರೂ ಅವಳು ಹೇಳಿರಲಿಲ್ಲ.

"ಸೌಮ್ಯವಾದದ್ದು," ಎಂದಳು ಕೊನೆಗೆ.

"ಅಬ್ಬಾ!" ಅವನು ಅದನ್ನು ಬುಟ್ಟಿಗೆ ಹಾಕಿದ.

ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಗಳು, ಕೈಗವಸು, ಬಣ್ಣಕ್ಕಂಟಿದ ಕೊಳೆ ಎಳೆಯುವ ಕ್ಲೇ ಮುದ್ದೆ, ಸಣ್ಣ ಡಬ್ಬಿ ವ್ಯಾಕ್ಸ್. ಅಂಗಡಿಯವನು ಟೈರಿಗೆ ಮಿರಮಿರ ಮಿಂಚುವ ಫೋಮ್ ತಂದು ತೋರಿಸಿದಾಗ ಅವಳೇ ತಲೆಯಾಡಿಸಿದಳು.

"ಬೇಡ. ಬೂಟ್ ಪಾಲಿಶ್ ಹಚ್ಚಿದ ಎಮ್ಮೆ ಥರ ಕಾಣುತ್ತೆ."

ದನದ ಡಾಕ್ಟರು ಜೋರಾಗಿ ನಕ್ಕುಬಿಟ್ಟ. ಇದರಲ್ಲಿ ನಗುವಂಥದ್ದೇನು? ಅವಳಿಗೆ ತಿಳಿಯಲಿಲ್ಲ.

ಭಾನುವಾರ ಕಾರಿನ ಮೇಲೆ ನೆರಳು ಬಿದ್ದ ಮೇಲೆ ಶುರು ಮಾಡಿದರು. ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕೈಗವಸನ್ನು ಪ್ರತಿ ಸಲ ಬರೀ ನೀರಲ್ಲಿ ಜಾಲಿಸಿಯೇ ಮತ್ತೆ ಶಾಂಪೂಗೆ ಅದ್ದಬೇಕು, ಇಲ್ಲದಿದ್ದರೆ ತೊಳೆದ ಮಣ್ಣೇ ಮತ್ತೆ ಉಜ್ಜುತ್ತದೆ. ಮೇಲಿನಿಂದ ಕೆಳಕ್ಕೆ, ಚಕ್ರ ಎಲ್ಲಕ್ಕಿಂತ ಕೊನೆಗೆ, ಅದಕ್ಕೆ ಬೇರೆ ಬಟ್ಟೆ.

"ಒಳಗೆ ಯಾವಾಗ?" ಬಾಗಿಲ ಹಿಡಿಕೆಯತ್ತ ಕೈ ಚಾಚಿ ಅವನು ಕೇಳಿದ.

"ಬೇಡ!" ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಹೊರಗೆ ಮಾತ್ರ ತೊಳೀರಿ. ಒಳಗೆ... ಮುಟ್ಟಬೇಡಿ."

"ಆಯ್ತು."

ಯಾಕೆ ಎಂದು ಅವನು ಕೇಳಲಿಲ್ಲ. ಆ ಬಾಗಿಲನ್ನು ಅವಳು ಅವತ್ತಿನಿಂದ ತೆರೆದೇ ಇರಲಿಲ್ಲ.

ಮುಂದಿನ ಭಾನುವಾರ ಕ್ಲೇ. ಅತ್ತೆ ಕುರ್ಚಿ ಹಾಕಿಕೊಂಡು ಕೂತರು.

"ಡಾಕ್ಟ್ರಪ್ಪ, ನಿನಗ್ಯಾಕೆ ಇನ್ನೂ ಮದ್ವೆ ಆಗಿಲ್ಲ?"

"ಮೈಮೇಲಿನ ಕೊಟ್ಟಿಗೆ ವಾಸನೆಗೆ ಬಂದ ಸಂಬಂಧ ಎಲ್ಲ ಬಂದ ಹಾಗೇ ಹೋದವು, ಅಮ್ಮ."

"ಕಾರು ಮಾತ್ರ ಘಮಘಮ ಅನ್ನುತ್ತಲ್ಲೋ!"

ಅತ್ತೆ ನಕ್ಕರು. ಅವಳು ಬಗ್ಗಿ ಬಾಗಿಲ ಮೇಲೆ ನೀರು ಸಿಂಪಡಿಸಿದಳು. ಅವಳ ಮುಖವನ್ನು ಅವನು ಕದ್ದು ನೋಡಿದ್ದು ಅತ್ತೆಗೆ ಕಂಡಿತು. ಅವಳಿಗೆ ಕಾಣಲಿಲ್ಲ.

ಆ ಬುಧವಾರ ಆಸ್ಪತ್ರೆಯಿಂದ ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು.

ಕಾರಿನ ನಾಲ್ಕೂ ಬಾಗಿಲು ತೆರೆದಿದ್ದವು. ಸೀಟುಗಳು ಒದ್ದೆ. ಕಾಲಡಿಯ ಮ್ಯಾಟುಗಳು ಗೋಡೆಗೆ ಒರಗಿದ್ದವು. ಅವನು ಮಂಡಿಯೂರಿ ಸಣ್ಣ ಬ್ರಷ್‌ನಿಂದ ಸ್ಟೀರಿಂಗ್ ಉಜ್ಜುತ್ತಿದ್ದ. ನಿಂಬೆಯ ವಾಸನೆ... ಬರೀ ನಿಂಬೆಯ ವಾಸನೆ!

ಅವಳ ಗಂಡನದ್ದೆಂದು ಈ ಲೋಕದಲ್ಲಿ ಉಳಿದಿದ್ದ ಒಂದೇ ಒಂದು ವಾಸನೆ ಆ ಬಾಗಿಲುಗಳ ಹಿಂದೆ ಇತ್ತು.

"ಏನ್ ಮಾಡ್ತಿದ್ದೀರ?"

ಅವನು ಎದ್ದು ನಿಂತ. ಬಾಯಿ ತೆರೆದ. ಜಗುಲಿಯಲ್ಲಿದ್ದ ಅತ್ತೆಯತ್ತ ಒಮ್ಮೆ ನೋಡಿ ಮುಚ್ಚಿಕೊಂಡ.

"ಮುಟ್ಟಬೇಡಿ ಅಂದಿದ್ದೆ."

"ಹೌದು... ಅಂದಿದ್ರಿ."

"ಅಂದಿದ್ದೆ ತಾನೆ? ಒಂದೇ ಒಂದು ಮಾತು ಕೇಳಿದ್ದೆ ನಿಮ್ಮನ್ನ! ಒಂದೇ ಒಂದು! ಯಾರ್ರೀ ನೀವು? ಯಾರು ನೀವು ನಮಗೆ?"

ಅವಳು ಕಿರುಚುತ್ತಿದ್ದಳು. ಎದುರುಮನೆಯ ಕಿಟಕಿ ತೆರೆಯಿತು. ಅವನ ಮುಖ ಬಿಳಿಚಿಕೊಂಡಿತು.

"ಕ್ಷಮಿಸಿ," ಎಂದಷ್ಟೇ ಹೇಳಿ, ಬ್ರಷ್ ಇಟ್ಟು, ಈ ಸಲ ಗೋಡೆ ಹಾರದೆ ಗೇಟು ದಾಟಿ ಹೋದ.

ಆಮೇಲೆ ಅವನು ಬರಲಿಲ್ಲ. ಕಾರಿಗೆ ವ್ಯಾಕ್ಸ್ ಹಚ್ಚುವುದು ಬಾಕಿಯೇ ಉಳಿಯಿತು. ಅವಳು ಎಂದಿನಂತೆ ಆಸ್ಪತ್ರೆಯಲ್ಲಿ 'ಉಸಿರು ಹಿಡೀರಿ, ಬಿಡಿ' ಅಂದಳು. ಊಟ ಮಾಡಿದಳು. ಆದರೆ ಗೇಟು ತೆರೆಯುವಾಗಲೆಲ್ಲ ಪಕ್ಕದ ಮನೆಯ ಗೋಡೆಯತ್ತ ಕಣ್ಣು ಹೋಗುತ್ತಿತ್ತು.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದರೆ ಅತ್ತೆ ಕಾರಿನೊಳಗೆ ಕೂತಿದ್ದರು! ಎಡಗಡೆಯ ಸೀಟಿನಲ್ಲಿ, ಕೈ ಕಟ್ಟಿಕೊಂಡು.

"ಅತ್ತೆ?"

"ಬಾ ಮಗೂ, ಕೂತ್ಕೋ. ಒಣಗಿದೆ."

ಅವಳು ನಿಂತೇ ಇದ್ದಳು.

"ದಿನಾ ಕೂರ್ತಿದ್ದೆ," ಅತ್ತೆ ಮುಂದಿನ ಗಾಜನ್ನೇ ನೋಡುತ್ತ ಹೇಳಿದರು. "ನೀನು ಕೆಲಸಕ್ಕೆ ಹೋದ ಮೇಲೆ ಹೊದಿಕೆ ಎತ್ತಿ ಒಳಗೆ ಬರ್ತಿದ್ದೆ. ನನ್ನ ಮಗನ ತಲೆಗೂದಲ ಎಣ್ಣೆ ವಾಸನೆ ಇತ್ತಲ್ಲ... ಅವನು ಪಕ್ಕದಲ್ಲೇ ಇದ್ದಾನೆ ಅನ್ನಿಸ್ತಿತ್ತು. ಮಾತಾಡ್ತಿದ್ದೆ. ಆಮೇಲಾಮೇಲೆ ಇಲ್ಲಿಂದ ಏಳೋಕೇ ಮನಸ್ಸು ಬರ್ತಿರಲಿಲ್ಲ. ಒಲೆ ಮೇಲೆ ಹಾಲಿಟ್ಟು ಮರೆತೆ, ಪಾತ್ರೆ ಸುಟ್ಟು ಕರಕಾಯ್ತು. ಹೆದರಿಕೆ ಆಯ್ತು ಮಗೂ."

"ನನಗೆ ಹೇಳ್ಬಾರ್ದಿತ್ತಾ?"

"ನಿನಗೇನಂತ ಹೇಳ್ಲಿ? ನೀನೇ ಕಲ್ಲಾಗಿ ಕೂತಿದ್ದೆ. ಅದಕ್ಕೇ ಡಾಕ್ಟ್ರ ಹತ್ರ ಬೇಡ್ಕೊಂಡೆ. ವಾಸನೆ ತೆಗೆದುಬಿಡಪ್ಪ ಅಂತ. ಅವನು ಒಪ್ಪಲೇ ಇಲ್ಲ. 'ಅವರು ಬೇಡ ಅಂದಿದ್ದಾರೆ' ಅಂತ ಮೂರ್ನಾಲ್ಕು ಸಲ ಹೇಳ್ದ. ಕೈ ಮುಗಿದೆ. ಯಾರು ಹೇಳಿದ್ದು ಅಂತ ಬಾಯಿ ಬಿಡಬೇಡ ಅಂತ ಮಾತೂ ತಗೊಂಡೆ."

ಅವಳು ಸುತ್ತಿ ಬಂದು ಆಚೆ ಬಾಗಿಲು ತೆರೆದು ಗಂಡನ ಸೀಟಿನಲ್ಲಿ ಕೂತಳು. ಕಾರಿನಲ್ಲಿ ಯಾರ ವಾಸನೆಯೂ ಇರಲಿಲ್ಲ. ಸ್ಟೀರಿಂಗ್ ಮೇಲೆ ಹಣೆಯಿಟ್ಟಳು.

ಮೊದಲು ಭುಜ ಅಲ್ಲಾಡಿತು. ಆಮೇಲೆ ಸದ್ದು ಬಂತು.

ಅತ್ತೆ ಅವಳ ಬೆನ್ನು ಸವರುತ್ತ ಕೂತರು. "ಅಳು ಮಗೂ, ಅಳು... ನಾನಿದ್ದೀನಿ." ಬಹಳ ಹೊತ್ತಿನ ಮೇಲೆ ಮೆಲ್ಲಗೆ ಅಂದರು, "ಆ ಹುಡುಗ ನಿನ್ನ ನೋಡೋ ರೀತಿ ನಾನೂ ನೋಡಿದ್ದೀನಿ. ನನ್ನ ಬಗ್ಗೆ ಯೋಚನೆ ಮಾಡ್ಬೇಡ. ನೀನು ಎಲ್ಲೇ ಇದ್ರೂ ನಾನು ನಿನ್ನ ಅತ್ತೆನೇ. ಬೈಯೋಕೆ ಬಂದೇ ಬರ್ತೀನಿ."

ಅವತ್ತೇ ಸಂಜೆ ಅವಳು ಹೋದಾಗ ಪಶು ಆಸ್ಪತ್ರೆಯಲ್ಲಿ ಅವನು ಒಬ್ಬನೇ ಇದ್ದ. ಕರುವೊಂದಕ್ಕೆ ಔಷಧಿ ಕುಡಿಸಿ ಕಳಿಸಿ, ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ. ಅವಳನ್ನು ಕಂಡು ನಲ್ಲಿ ನಿಲ್ಲಿಸುವುದನ್ನೇ ಮರೆತ.

"ಅತ್ತೆ ಎಲ್ಲ ಹೇಳಿದ್ರು," ಎಂದಳು.

"ಓ..."

"ನೀವು ಆಗ್ಲೇ ಹೇಳ್ಬಹುದಿತ್ತು. ಬೀದಿಗೆಲ್ಲ ಕೇಳೋ ಹಾಗೆ ಬೈದೆ ನಾನು."

"ಮಾತು ಕೊಟ್ಟಿದ್ದೆ. ಆದ್ರೆ ತಪ್ಪು ನಂದೂ ಇದೆ. ನೀವು ಬೇಡ ಅಂದಿದ್ದು ನಿಜ, ನಾನು ಬ್ರಷ್ ಹಿಡಿದಿದ್ದೂ ನಿಜ. ಅವರು ಅತ್ತಿದ್ದು ನೋಡಿ ನಿಮ್ಮ ಮಾತು ಮೀರಿದೆ. ಅದಕ್ಕೇ ಆಮೇಲೆ ಮುಖ ತೋರಿಸೋಕೆ ಆಗಲಿಲ್ಲ."

ಅವಳು ಬೆಂಚಿನ ತುದಿಯಲ್ಲಿ ಕೂತಳು.

"ಡಾಕ್ಟ್ರೇ... ನನಗೆ ಏನೂ ಅನ್ನಿಸ್ತಿರಲಿಲ್ಲ. ಹಸಿವು, ಸಂತೋಷ, ಯಾವುದೂ. ಅವತ್ತು ನಿಮ್ಮ ಮೇಲೆ ಸಿಟ್ಟು ಬಂತು. ಇವತ್ತು ಅಳು ಬಂತು. ಮುಂದೆ ಏನು ಬರುತ್ತೋ ಗೊತ್ತಿಲ್ಲ. ಏನೂ ಬರದೇನೂ ಇರಬಹುದು. ಅಂಥವಳ ಹತ್ರ ನಿಮಗೇನು ಸಿಗುತ್ತೆ?"

"ನಿಮ್ಮನ್ನ ಕಂಡ್ರೆ ನನಗೆ ಇಷ್ಟ," ಅವನು ನೇರವಾಗಿ ಹೇಳಿದ. ಕಿವಿ ಕೆಂಪಾಗಿತ್ತು. "ತುಂಬಾ ಇಷ್ಟ. ಅದಕ್ಕೆ ನೀವು ತಕ್ಷಣ ಏನಾದ್ರೂ ಅನ್ನಿಸ್ಕೋಬೇಕು ಅಂತೇನಿಲ್ಲ. ಜನ್ಮಪೂರ್ತಿ ಕಾಯ್ತೀನಿ ಅಂತ ದೊಡ್ಡ ಮಾತೂ ಆಡಲ್ಲ. ಪಕ್ಕದ ಮನೇಲೇ ಇರ್ತೀನಿ. ಅಷ್ಟೇ."

ನಲ್ಲಿ ಸುರಿಯುತ್ತಲೇ ಇತ್ತು. ಅವಳು ಎದ್ದು ಹೋಗಿ ಅದನ್ನು ನಿಲ್ಲಿಸಿದಳು. ಒದ್ದೆ ಕೈ ಎಲ್ಲಿ ಒರೆಸಬೇಕೋ ತಿಳಿಯದೆ ಅವನು ಹಾಗೇ ನಿಂತಿದ್ದ. ತನ್ನ ಸೆರಗಿನ ತುದಿ ಕೊಟ್ಟಳು. ಆಮೇಲೆ, ಯಾಕೆಂದು ಯೋಚಿಸದೆ, ಆ ಕೈಯನ್ನೇ ಹಿಡಿದುಕೊಂಡಳು.

"ಎಷ್ಟು ತಣ್ಣಗಿದೆ!" ಎಂದಳು. ಎಂದಮೇಲೆ ಅವಳಿಗೇ ಆಶ್ಚರ್ಯವಾಯಿತು.

"ಬಿಡ್ಲಾ?"

"ಬೇಡ... ಇರ್ಲಿ. ಬೆಚ್ಚಗಾಗೋ ತನಕ ಇರ್ಲಿ."