ಎರಡೇ ಕೈಯ ಅಡುಗೆಮನೆ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ನೀಲಗುಂದಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಹಿರಿಯ ಬಾಣಸಿಗ ಮಾದಣ್ಣಯ್ಯ. ಅವನ ಕೈರುಚಿಗೆ ಎದುರಿಲ್ಲ, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಕೈಕೆಳಗಿನವರ ಒಬ್ಬಟ್ಟು ಚೂರು ಸೊಟ್ಟಗಾದರೆ ಸಾಕು, "ಕೊಡಿಲ್ಲಿ" ಎಂದು ಬಾಳೆಲೆಯನ್ನೇ ಕಿತ್ತುಕೊಂಡು ತಾನೇ ತಟ್ಟಿಬಿಡುತ್ತಿದ್ದ. ಕಲಿಸುತ್ತಾ ಕೂರಲು ಅವನಿಗೆಲ್ಲಿಯ ಪುರುಸೊತ್ತು!

ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ಬೆಂಕಿಹುಲಿಯ ಮೇಲೆ ಕೂತು ಸಭೆಗೆ ಬಂದ.

"ಮೂರು ಮಧ್ಯಾಹ್ನ ಬರುತ್ತೇನೆ. ಪ್ರತಿಸಲವೂ ನಿಮ್ಮ ಅಡುಗೆಯವರಲ್ಲೊಬ್ಬರು ನನ್ನೆದುರಿಗೆ ಒಂದು ಒಬ್ಬಟ್ಟು ತಟ್ಟಿ, ಬೇಯಿಸಿ, ನನ್ನ ಹುಲಿಗೆ ಹಾಕಬೇಕು. ಅದು ಹರಿದರೆ ತಟ್ಟಿದವರು ಕಲ್ಲಾಗುತ್ತಾರೆ. ಮೂರನೆಯದೂ ಹರಿದರೆ ಊರಿಗೆ ಊರೇ ಕಲ್ಲು."

ಮಾದಣ್ಣಯ್ಯ ಮೀಸೆಯಲ್ಲೇ ನಕ್ಕ. ಮಾಂತ್ರಿಕ ಕೋಲಿನಿಂದ ಅವನನ್ನು ಮುಟ್ಟಿದ. ಎರಡೂ ಕೈ ಮರದ್ದಾದವು.

"ನಿಮ್ಮ ಅಡುಗೆಮನೆಯನ್ನು ಬಹುಕಾಲದಿಂದ ನೋಡುತ್ತಿದ್ದೇನೆ, ರಾಜ. ಅಲ್ಲಿರುವುದು ಎರಡೇ ಕೈ" ಎಂದ ಧೂಮಕೇಶ.

ಸಭೆಯೆಲ್ಲ ಮಾದಣ್ಣಯ್ಯನ ಕಡೆ ತಿರುಗಿತು. ಅವನು ತಲೆ ತಗ್ಗಿಸಿದ.

ಮೊದಲ ಮಧ್ಯಾಹ್ನ ಕೈಕೆಳಗಿನ ಅಡುಗೆಯವರಲ್ಲಿ ಚೆಲುವಯ್ಯ ತಟ್ಟಲು ಕೂತ. "ಹಾಗಲ್ಲವೋ ದಡ್ಡ, ಏನು ಕಲಿತೆ ಇಷ್ಟು ದಿನ?" ಎಂದು ಮಾದಣ್ಣಯ್ಯ ಹಿಂದೆ ನಿಂತು ಬೈದ. ಚೆಲುವಯ್ಯ ಹೆದರಿ ಎಲೆಯನ್ನು ಜಗ್ಗಿದ, ಒಬ್ಬಟ್ಟು ಹರಿಯಿತು. ಎಲೆ ಹಿಡಿದ ಹಾಗೇ ಅವನು ಕಲ್ಲಾದ.

ಎರಡನೆಯ ಮಧ್ಯಾಹ್ನ ತಿಮ್ಮಕ್ಕ ಕೂತಳು. ಈ ಸಲ ಬೈಗುಳವಿಲ್ಲ. "ಹೆಬ್ಬೆರಳು ಎತ್ತು, ಎಲೆ ತಿರುಗಿಸು, ಇನ್ನೊಂಚೂರು, ಸಾಕು ಸಾಕು" ಎಂದು ಮಾದಣ್ಣಯ್ಯ ಬಿಡದೆ ಹೇಳಿದ. ತಿಮ್ಮಕ್ಕ ಅವನ ಬಾಯಿ ನೋಡುತ್ತಾ ಎಲೆ ನೋಡುವುದನ್ನೇ ಮರೆತಳು. ಒಬ್ಬಟ್ಟು ಹರಿಯಿತು, ಅವಳೂ ಕಲ್ಲಾದಳು.

ಮೂರನೆಯ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ಉಳಿದವಳು ನಾಗಿರವ್ವ ಒಬ್ಬಳೇ. ಬೈದದ್ದೂ ಆಗಿತ್ತು, ಹೇಳಿಕೊಟ್ಟದ್ದೂ ಆಗಿತ್ತು; ಈ ಸಲ ಮಾದಣ್ಣಯ್ಯ ಅವಳೆದುರು ನೆಲದ ಮೇಲೆ ಕೂತ.

"ನಾಗಿರವ್ವ, ನಿಂದು ಎಲ್ಲಿ ಹರಿಯುತ್ತೆ?"

ಇದನ್ನು ಅವಳ ಹತ್ತಿರ ಈವರೆಗೆ ಯಾರೂ ಕೇಳಿರಲಿಲ್ಲ. "ನಡುವೆ, ಯಜಮಾನ್ರೇ."

"ಯಾಕಿರಬಹುದು?"

"ಬೇಜಾರು ಮಾಡ್ಕೋಬಾರ್ದು. ನಿಮ್ಮ ಕೈ ಬರೋದ್ರೊಳಗೆ ಮುಗಿಸಬೇಕು ಅಂತ ಅವಸರ. ಅವಸರಕ್ಕೆ ನಡುವೆ ಒತ್ತಿಬಿಡ್ತೀನಿ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಮಾದಣ್ಣಯ್ಯನಿಗೆ. ಇಷ್ಟು ವರ್ಷ ಹರಿದ ಒಬ್ಬಟ್ಟುಗಳನ್ನು ತಾನೇ ಹರಿದಿದ್ದ. ಇಬ್ಬರನ್ನು ಕಲ್ಲು ಮಾಡಿದ್ದೂ ತಾನೇ.

"ಇವತ್ತು ನನ್ನ ಕೈ ಬರಲ್ಲ ತಾಯಿ. ನಿಧಾನಕ್ಕೆ ತಟ್ಟು. ಹರಿದರೆ ಇನ್ನೊಂದು ಉಂಡೆ ತಗೋ."

ಮೊದಲನೆಯದು ಹರಿಯಿತು. ಅವನು ತುಟಿ ಕಚ್ಚಿಕೊಂಡ. "ಏನು ಕಾಣಿಸ್ತು?"

"ಹೂರಣ ಒಂದೇ ಕಡೆ ದಪ್ಪ ಆಗಿತ್ತು."

"ಮತ್ತೆ ಏನ್ಮಾಡ್ತೀಯ?"

"ಅಂಚಿನ ಕಡೆ ಸರಿಸಿ ನೋಡ್ತೀನಿ."

ಹೀಗೇ ಒಂದಾದ ಮೇಲೊಂದು ತಟ್ಟಿದಳು. ಮಧ್ಯಾಹ್ನವಾಯಿತು, ಹುಲಿ ಬಂತು. ಸಭೆಯ ನಡುವೆ ನಾಗಿರವ್ವ ಕಣಕದ ಉಂಡೆ ಎತ್ತಿಕೊಂಡಳು. ಮಾದಣ್ಣಯ್ಯನ ಮರದ ಕೈ ತಾನಾಗಿಯೇ ಮುಂದೆ ಹೋಯಿತು. ಅವನು ಅದನ್ನು ಬೆನ್ನ ಹಿಂದೆ ಎಳೆದುಕೊಂಡು ಸುಮ್ಮನೆ ನಿಂತ.

ಒಬ್ಬಟ್ಟು ಹರಿಯದೆ ಕಾವಲಿಗೆ ಬಿತ್ತು, ಹರಿಯದೆ ಹುಲಿಯ ಬಾಯಿಗೂ ಬಿತ್ತು. ಹುಲಿಯ ಹಸಿವು ಹೋಯಿತು, ಹಸಿವಿನ ಜೊತೆ ಬೆಂಕಿಯೂ ಆರಿತು. ಆ ಬೆಂಕಿಯಿಂದಲೇ ಬದುಕಿದ್ದ ಧೂಮಕೇಶ ಹೊಗೆಯಾಗಿ ಕಿಟಕಿಯಿಂದಾಚೆ ಹೋದ. ಮರದ ಕೈಗೆ ರಕ್ತ ಹರಿಯಿತು, ಕಲ್ಲಾದವರು ಉಸಿರಾಡಿದರು.

ಕಣ್ಣು ಬಿಟ್ಟ ಚೆಲುವಯ್ಯ ಮಾಡಿದ ಮೊದಲ ಕೆಲಸವೆಂದರೆ ಎಲೆಯನ್ನು ಮುಂದೆ ಚಾಚಿದ್ದು. "ತಪ್ಪಾಯ್ತು ಯಜಮಾನ್ರೇ, ತಗೊಳ್ಳಿ."

ಮಾದಣ್ಣಯ್ಯ ಎಲ್ಲರೆದುರು ಅತ್ತ. "ತಪ್ಪು ನಂದು ಕಣಯ್ಯ. ಎಲೆ ನಿನ್ನ ಹತ್ತಿರಾನೇ ಇರಲಿ."

ರಾಜ ಚಿನ್ನದ ಕಡಗ ತಂದು ಮಾದಣ್ಣಯ್ಯನಿಗೆ ತೊಡಿಸಲು ಹೋದ. "ಕಡಗಕ್ಕೆ ತಕ್ಕ ಕೈ ಅಲ್ಲಿದೆ, ಪ್ರಭು" ಎಂದು ಅವನು ನಾಗಿರವ್ವನನ್ನು ತೋರಿಸಿದ.

ಅಲ್ಲಿಂದಾಚೆ ನೀಲಗುಂದಿಯವರು ಹಲವು ಕೈಗಳ ಅಡುಗೆ ಉಂಡು ಸುಖವಾಗಿದ್ದರು. ಆದರೂ ಯಾರ ಎಲೆಯ ಮೇಲಾದರೂ ಒಬ್ಬಟ್ಟು ಹರಿದರೆ ಮಾದಣ್ಣಯ್ಯನ ಕೈ ಮುಂದೆ ಹೋಗುತ್ತಿತ್ತು. ಆಗ ಅವನು ನಾಚಿಕೊಂಡು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, "ಎಲ್ಲಿ ಹರಿಯಿತು?" ಎಂದು ಕೇಳಿ ಕಾಯುತ್ತಿದ್ದ.