ಓದದೆ ತಂದುಕೊಟ್ಟ ಕಾದಂಬರಿ

"ನಿಮ್ಮ ನಿದ್ದಿ ಕೆಡಿಸಿದ ಪುಸ್ತಕ ಯಾವುದೈತ್ರಿ? ಅದನ್ನ ಕೊಡ್ರಿ!"

ಶುಭಾಂಗಿ ತಲೆ ಎತ್ತಿದಳು. ಎದುರಿಗೆ ಯುವಕನೊಬ್ಬ. ಹೆಗಲ ಮೇಲೆ ಕಂಬಳಿ, ಕಾಲ ತುಂಬ ಧೂಳು, ಕಣ್ಣು ಮಾತ್ರ ನೇರವಾಗಿ ಅವಳ ಮೇಲೆ. ಆ ನೋಟಕ್ಕೆ ಅವಳ ಕೈಯ ಪೆನ್ನು ಜಾರಿ ಬಿತ್ತು.

ಸೋಲಾಪುರದ ನಾಗಪ್ಪನವರದು ಚಾದರದ ಅಂಗಡಿ. ಅದರ ಮೂಲೆಯಲ್ಲಿ ಮಗಳು ಶುಭಾಂಗಿಯದೊಂದು ಕಪಾಟು, ತುಂಬ ಕನ್ನಡ ಪುಸ್ತಕಗಳು. ಅಕ್ಕಲಕೋಟೆಯ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತವಳು ಅವಳು. ಕೇಳಿದವರಿಗೆಲ್ಲ ಓದಲು ಕೊಡುತ್ತಿದ್ದಳು. ಕೇಳುವವರೇ ಇರಲಿಲ್ಲ, ಆ ಮಾತು ಬೇರೆ!

ಬಂದವನು ಕಂದಲಗಾಂವದ ಶಿವಶರಣ. ಕುರಿ ಸಾಕುವ ಮನೆತನ. ಕುರಿಗಳ ಔಷಧಕ್ಕೆಂದು ವಾರವಾರ ಪೇಟೆಗೆ ಬರುತ್ತಿದ್ದ.

"ಎಂಥಾದ್ದು ಬೇಕ್ರಿ? ಪತ್ತೇದಾರಿ, ಪ್ರವಾಸ, ಇತಿಹಾಸ, ಹಾಸ್ಯ...?"

"ನಮ್ಮ ಮನಿಯಾಗ ಎಲ್ಲಾ ನಡೀತೈತ್ರಿ."

ಅವಳು ಪತ್ತೇದಾರಿ ಕಾದಂಬರಿ ಕೊಟ್ಟಳು. ಮುಂದಿನ ವಾರ ಅವನು ಅಂಗಡಿಯ ಮೆಟ್ಟಿಲಿನಿಂದಲೇ ಶುರುಮಾಡಿದ. "ಆ ಸೋದರಮಾವನೇ ಕಳ್ಳ ಅಂತ ನಾ ಮೊದಲ ಹೇಳಿದ್ದೆ! ನಮ್ಮಣ್ಣ ನಂಬಲಿಲ್ಲ ನೋಡ್ರಿ!"

ದೆವ್ವದ ಕಥೆ ಕೊಟ್ಟಳು. "ಏಕದಮ್ ಬೆವತ ಹೋದ್ವಿರಿ! ನಮ್ಮವ್ವ ಒಬ್ಬಾಕಿನ ಕುರಿಹಟ್ಟಿಗಿ ಹೋಗವಲ್ಲಳು."

ಹಿಮಾಲಯದ ಪ್ರವಾಸಕಥನ ಕೊಟ್ಟಳು. ಅವನಿಗೆ ಸಿಟ್ಟೇ ಬಂದಿತ್ತು. "ಅಷ್ಟ ದೂರ ಹೋಗ್ಯಾನ, ಅಲ್ಲಿ ಕುರಿಗಿ ಏನ ಮೇವು ಐತಿ ಅಂತ ಒಂದ ಮಾತ ಬರದಿಲ್ಲ ಆ ಮನಷ್ಯಾ!"

ಸೂಲಗಿತ್ತಿಯೊಬ್ಬಳ ಆತ್ಮಕಥೆ ಮರಳಿ ತಂದುಕೊಟ್ಟ ದಿನ ಮಾತ್ರ ಅವನ ತಕರಾರಿರಲಿಲ್ಲ. ಕಣ್ಣು ಕೆಂಪಾಗಿದ್ದವು.

ಪುಸ್ತಕ ಓದಿ 'ಚಲೋ ಐತಿ' ಎಂದು ಮಡಚಿಡುವವರು ಊರ ತುಂಬ ಸಿಗುತ್ತಾರೆ. ಪುಸ್ತಕದೊಳಗಿನವರ ಜೊತೆ ಜಗಳ ಕಾಯುವವನು ಎಲ್ಲಿ ಸಿಗುತ್ತಾನೆ? ಈಗ ಶುಭಾಂಗಿ ಓದುವುದೇ ಅವನಿಗಾಗಿ ಎಂಬಂತಾಯಿತು. ಪ್ರತಿ ಪುಟಕ್ಕೂ ಒಂದೇ ಯೋಚನೆ... 'ಇದಕ್ಕೆ ಅವರು ಏನಂತಾರೋ!'

ಕೊನೆಗೊಂದು ದಿನ ಅವಳು ಕಪಾಟಿನ ಒಳಗಿನಿಂದ ಪ್ರೇಮಕಾದಂಬರಿಯೊಂದನ್ನು ತೆಗೆದಳು.

"ಇದನ್ನ ಯಾರಿಗೂ ಕೊಟ್ಟಿಲ್ರಿ. ಓದಿ ನಿಮಗ ಏನ ಅನ್ನಸ್ತು... ನನಗ ಹೇಳಬೇಕು."

ಬಾಯಿಂದ ಹೇಳಲಾಗದ್ದನ್ನು ಅವಳು ಹೀಗೆ ಹೇಳಿದ್ದಳು. ಅವನಿಗೂ ಅರ್ಥವಾಯಿತು. ಕಿವಿ ಕೆಂಪಾಗಿ, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಆ ವಾರ ಮುಗಿಯುವುದರೊಳಗೆ ಅವಳಿಗೆ ಯುಗ ಕಳೆದಂತಾಯಿತು!

ಅವನು ಬಂದ. ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ತಲೆ ಎತ್ತಲಿಲ್ಲ.

"ಓದಲಿಲ್ರಿ."

"ಯಾಕ್ರಿ?"

"ನನ್ನ ಕಡಿಂದ... ಆಗಲಿಲ್ರಿ."

ಅವಳು ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. 'ಓದಿ ಬೇಡ ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ. ತೆರೆದೂ ನೋಡಲಿಲ್ಲವಲ್ಲ!'

"ಹಂಗಿದ್ರ ಇನ್ನ ನಿಮಗ ಕೊಡುವಂಥದ್ದು ನನ್ನ ಹತ್ರ ಏನೂ ಉಳದಿಲ್ಲ. ಹೋಗ್ರಿ."

ಅವನು ಕಂಬಳಿ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ. ಮುಂದೆ ಬರಲೇ ಇಲ್ಲ.

ಬಾಗಿಲಲ್ಲಿ ಕಂಬಳಿ ಹೊದ್ದವರು ಯಾರೇ ಹಾದುಹೋದರೂ ಅವಳ ಜೀವ ಅತ್ತ ಓಡುತ್ತಿತ್ತು. ಹಾಸ್ಯದ ಪುಸ್ತಕ ಓದುವಾಗ ನಗು ಬರುತ್ತಿತ್ತು, ಮರುಕ್ಷಣ ಅವನ ನೆನಪಾಗಿ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಸಿಟ್ಟಿತ್ತು, ನಿಜ. ಆದರೆ ಸಿಟ್ಟಿಗಿಂತ ದೊಡ್ಡದು ಹಂಬಲ... ಒಮ್ಮೆ ಬಂದು ಜಗಳವಾಡಿದ್ದರೂ ಸಾಕಿತ್ತು!

ಒಂದು ಮಧ್ಯಾಹ್ನ ಅಪರಿಚಿತ ಹೆಂಗಸೊಬ್ಬಳು ಅಂಗಡಿ ಹೊಕ್ಕಳು.

"ನಾ ರೂಪಾಲಿ ಅಂತ. ಶಿವಶರಣನ ವಹಿನಿ, ಅವರಣ್ಣನ ಹೇಣ್ತಿ. ಪುಸ್ತಕಾ ಯಾಕ ಕಳಸವಲ್ರಿ, ಅಕ್ಕಾರ? ನಮ್ಮ ಮನಿ ಏಕದಮ್ ಸುಮ್ಮಗಾಗೈತಿ."

"ಅವರು ಓದಂಗಿಲ್ಲ ಅಂದ್ರು, ನಾ ಬಿಟ್ಟೆ," ಎಂದಳು ಶುಭಾಂಗಿ ಬಿಗಿದ ದನಿಯಲ್ಲಿ.

"ಅಂವಾ ಎಲ್ಲಿ ಓದ್ಯಾನ್ರಿ! ಅಂವಾ ಮರಾಠಿ ಸಾಲಿ ಕಲತಾಂವ. ಮಾತ ಕನ್ನಡ, ಒಂದ ಅಕ್ಷರ ಓದಾಕ ಬರಂಗಿಲ್ಲ. ಅಕ್ಕಲಕೋಟ ಕಡಿಯಾಕಿ ನಾ ಒಬ್ಬಾಕಿನ ಕನ್ನಡ ಕಲತಾಕಿ. ದಿನಾ ಸಂಜಿಗಿ ನಾ ಜೋರಾಗಿ ಓದತೀನಿ, ಮನಿಮಂದಿಯೆಲ್ಲಾ ಸುತ್ತ ಕುಂತ ಕೇಳತಾರ."

ಶುಭಾಂಗಿ ಕಪಾಟಿನತ್ತ ತಿರುಗಿದಳು. "ಮತ್ತ... ಆ ಕಾದಂಬರಿ?"

ರೂಪಾಲಿ ಸೆರಗು ಬಾಯಿಗಿಟ್ಟು ನಕ್ಕಳು. "ಪುಸ್ತಕದ ಎರಡನೇ ಪಾನ ತಿರವತಿದ್ದಂಗ ಹುಡಗಿ ಹುಡಗನ ಕೈ ಹಿಡದ್ಳು! ಮಾವನವರ ಮುಂದ ಅದನ್ನ ಹ್ಯಾಂಗ ಓದಲ್ರಿ? ಮಾವ ಕೆಮ್ಮಿದ್ರು, ಅತ್ತಿ ಎದ್ದು ಒಳಗ ಹೋದ್ರು. ಆಮ್ಯಾಲೆ ನಾ ಅಂದೆ, 'ಶಿವಶರಣ, ನಾ ಒಬ್ಬಾಕಿನ ಓದಿ ನಿನಗ ಕತಿ ಹೇಳತೀನಿ' ಅಂತ. ಬ್ಯಾಡ ಅಂದಾ..."

"ಯಾಕ?"

"'ಆಕಿ ನನಗಂತ ಕೊಟ್ಟಾಳ. ಇನ್ನೊಬ್ಬರ ಬಾಯಿಲೆ ಕೇಳಬಾರದು' ಅಂದಾ. ಓದಾಕ ಬರಂಗಿಲ್ಲ ಅಂತ ನಿಮಗ ಹೇಳಾಕ ನಾಚಿಕಿ ಅವಗ. ಮನಿದೇವರು ಬೀರೋಬಾನ ಆಣಿ, ಈಗ ಊಟಾನೂ ಬರೋಬರ ಮಾಡವಲ್ಲ."

ಶುಭಾಂಗಿಯ ಕಣ್ಣು ತುಂಬಿದವು. 'ಎಂಥ ಹುಚ್ಚಿ ನಾನು! ಕಾರಣ ಪೂರ್ತಿ ಕೇಳದೆ ಹೋಗೆಂದು ಕಳಿಸಿದೆನಲ್ಲ!'

ಕಾದಂಬರಿ ತೆಗೆದುಕೊಂಡು ಮೆಟ್ಟಿಲಿಳಿದಳು. "ಎಲ್ಲಿಗಿ ಹೊಂಟಿ?" ಎಂದು ನಾಗಪ್ಪ ಕೇಳುವಷ್ಟರಲ್ಲಿ ಇಬ್ಬರೂ ಕಂದಲಗಾಂವದ ದಾರಿ ಹಿಡಿದಿದ್ದರು.

ಊರ ಹೊರಗೆ, ಬೇವಿನ ನೆರಳಲ್ಲಿ ಅವನು ಕುರಿ ಕಾಯುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದು ನಿಂತ. ರೂಪಾಲಿ ಕುರಿಗಳನ್ನು ಹೊಡೆಯುವ ನೆಪದಲ್ಲಿ ದೂರ ಸರಿದಳು.

"ನೀವು... ಇಲ್ಲಿ?"

"ಕೂಡ್ರಿ. ನಾ ಓದತೀನಿ, ನೀವು ಕೇಳ್ರಿ."

ಅವನ ಮುಖ ಬಾಡಿತು. "ವಹಿನಿ ಹೇಳಿದ್ಳೇನ?"

"ಎಲ್ಲಾ ಹೇಳ್ಯಾಳ."

ಅವಳು ಮೊದಲ ಪುಟ ತೆರೆದಳು. ಅವನು ಬಡಿಗೆಯ ಮೇಲೆ ಗದ್ದವಿಟ್ಟು, ಉಸಿರೂ ಬಿಡದೆ ಕೇಳಿದ. ಅವಳು ಓದುತ್ತಲೇ ಹೋದಳು... ಒಂದು ಕಡೆ ಬಂದು ನಿಲ್ಲಿಸಿದಳು.

"ಯಾಕ ನಿಂತ್ರಿ?"

"ಇಲ್ಲಿ ಆಕಿ ತನ್ನ ಮನಸ್ಸು ಹೇಳತಾಳ್ರಿ..."

"ಏನಂತಾಳ?"

ಶುಭಾಂಗಿ ಪುಸ್ತಕ ಮುಚ್ಚಿಬಿಟ್ಟಳು. "ಆಕಿ ಏನರೆ ಅನ್ನಲಿ. ನಾ ಹೇಳತೀನಿ. ನೀವು ಬರೂದು ಬಿಟ್ಟಾಗಿಂದ ಯಾವ ಪುಸ್ತಕಾನೂ ಮುಗಿದಂಗ ಆಗವಲ್ದು. ನನಗ ನೀವು ಬೇಕ್ರಿ."

ಅವನ ಕಣ್ಣಲ್ಲಿ ನೀರಾಡಿತು. "ಕನ್ನಡದ ಒಂದ ಸಾಲ ಓದಾಕ ಬರಂಗಿಲ್ಲ ನನಗ. ನಾಳಿ ನಿಮಗ ನಾಚಿಕಿ ಆಗಂಗಿಲ್ಲೇನು?"

"ಓದಾಕ ನಾ ಅದೀನಿ. ಜಗಳಾ ಮಾಡಾಕ ನೀವು ಅದೀರಿ. ಇನ್ನೇನ ಬೇಕು?"

ಅವನು ನಕ್ಕ. ಎಷ್ಟು ದಿನಗಳಿಂದ ಅವಳು ಕಾದಿದ್ದ ನಗು!

"ಹಂಗಾದ್ರ ಇದನ್ನ ಲಗೂ ಮುಗಸಬ್ಯಾಡ್ರಿ. ದಿನಾ ಒಂದ ಪಾನ ಓದ್ರಿ, ಸಾಕು."

"ಯಾಕ?"

"ಅದು ಮುಗಿಯೂದ್ರಾಗ ನಮ್ಮವ್ವನ್ನ ಒಪ್ಪಿಸಿ, ನಿಮ್ಮಪ್ಪನ ಅಂಗಡಿಗಿ ಹೆಣ್ಣ ಕೇಳಾಕ ಕಳಸತೀನಿ."

ಅವಳು ಪುಸ್ತಕದ ದಪ್ಪ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಭಾಳ ತಡಾ ಆಗತೈತಿ," ಎಂದಳು ಮೆಲ್ಲಗೆ. "ಅವ್ವಗ ನಾಳೇನ ಬರಾಕ ಹೇಳ್ರಿ."