ಮೋಹಿನಿಗಿಂತ ಮೊದಲೇ ಹೊರಟ ಬ್ಯಾಗು

"ಈ ಗಾಡೀಲಿ ನಾಸಿಕ್ಕಿಗಾ? ನಾಗಮಂಗಲ ದಾಟಿದ್ರೆ ಮೀಸೆ ಬೋಳಿಸ್ಕತೀನಿ ಕಣಮ್ಮ!"

ಮದ್ದೂರಿನ ಗ್ಯಾರೇಜಿನಲ್ಲಿ, ಅವಳ ಹಳೇ ಓಮ್ನಿ ವ್ಯಾನಿನ ಅಡಿಯಿಂದ ತಲೆ ಹೊರಹಾಕಿ ಮೆಕ್ಯಾನಿಕ್ ಶಿವರಾಜು ಹೀಗಂದಾಗ ಮೋಹಿನಿಗೆ ಮೂಗಿನ ತುದಿಗೇ ಕೋಪ ಬಂತು.

"ರಿಪೇರಿ ಮಾಡಿ ಅಂದಿದ್ದು. ಭವಿಷ್ಯ ಹೇಳಿ ಅಂತಲ್ಲ!"

"ಅಬ್ಬಬ್ಬಾ, ಏನ್ ಖಾರ!" ಅವನು ನಕ್ಕ.

ನಗುವುದು ನೋಡಿ ಅವಳಿಗೆ ಇನ್ನಷ್ಟು ಉರಿಯಿತು. ಆದರೆ ಬಸ್ಸಿನಲ್ಲಿ ತನ್ನೂರು ಯಲಿಯೂರಿಗೆ ವಾಪಸ್ಸು ಬರುವಾಗ ಅದೇ ನಗು ಮತ್ತೆ ಮತ್ತೆ ನೆನಪಾಗುತ್ತಿತ್ತು. ಯಾಕೋ...

ಮೋಹಿನಿ ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಹಣ್ಣಿನ ಬೆಳೆಗಳ ವಿಭಾಗದಲ್ಲಿ ಸಹಾಯಕಿ. ಕಬ್ಬು, ಭತ್ತ ಬಿಟ್ಟರೆ ಬೇರೆ ಮಾತೇ ಇಲ್ಲದ ಸೀಮೆಯಲ್ಲಿ ಇವಳ ತಲೆ ಹೊಕ್ಕಿದ್ದು ವೈನ್ ದ್ರಾಕ್ಷಿ! ಮಳವಳ್ಳಿ ಹತ್ತಿರ ಅಪ್ಪನಿಂದ ಬಂದ ಅರ್ಧ ಎಕರೆಯಲ್ಲಿ ಕಂಬ ನೆಡಿಸಿ, ತಂತಿ ಎಳೆಸಿ ಕಾದಿದ್ದಳು. ನಾಸಿಕ್ಕಿನ ನರ್ಸರಿಯೊಂದು ಇನ್ನೂರು ಸಸಿ ಕೊಡಲು ಒಪ್ಪಿತ್ತು. ಮುಂದಿನ ತಿಂಗಳ ಮೊದಲ ಗುರುವಾರವೇ ಬಂದು ಒಯ್ಯಬೇಕು. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಪಟ್ಟಲಮ್ಮನಿಗೆ ಇದೊಂದೂ ಅರ್ಥವಾಗಿರಲಿಲ್ಲ.

"ಹೆಂಡದ ಗಿಡ ತರಾಕೆ ಮರಾಠಿ ಸೀಮೆಗಂಟ ಓಗ್ಬೇಕಾ?"

"ಹೆಂಡ ಅಲ್ಲ ಅಜ್ಜಿ, ವೈನು."

"ಕುಡುದ್ರೆ ಅಮಲು ಏರ್ತದೋ ಇಲ್ವೋ?"

"ಏರ್ತದೆ..."

"ಮತ್ತೆ!" ಅಂದ ಅಜ್ಜಿ ಕೊನೆಗೆ ಒಂದು ಷರತ್ತು ಹಾಕಿದಳು. "ಆ ಮೆಕ್ಯಾನಿಕ್ ಸಿವರಾಜು ಗಾಡಿ ಓಡ್ಸುದ್ರೆ ಓಗು, ದಾರೀಲಿ ಕೆಟ್ರೆ ಅವ್ನೇ ನೋಡ್ಕತಾನೆ. ನಾನೂ ಬತ್ತೀನಿ. ಇಲ್ದಿದ್ರೆ ಬುಡು."

ಹಾಗಾಗಿ ಭಾನುವಾರಗಳಲ್ಲಿ ಶಿವರಾಜು ಯಲಿಯೂರಿಗೆ ಬರತೊಡಗಿದ. ಜಗಲಿಯ ಮೇಲೆ ನಕ್ಷೆ ಹರಡಿಕೊಂಡು ಇಬ್ಬರೂ ಕೂರುತ್ತಿದ್ದರು. ನಾಗಮಂಗಲ, ಹಿರಿಯೂರು, ಹುಬ್ಬಳ್ಳಿ, ಬೆಳಗಾವಿ...

"ನಿಪ್ಪಾಣಿ ದಾಟಿದ್ಮೇಲೆ ಮಾತೆಲ್ಲ ನಿಮ್ದೇ. ನಂಗೆ ಮರಾಠಿ ಬರಲ್ಲ."

"ನಂಗೆ ಬರ್ತದಾ?"

"ಹಂಗಾರೆ ಅಜ್ಜೀನ ಮುಂದಕ್ಕೆ ಬುಡಾನ. ಅವ್ರು ಬೈದ್ರೆ ಯಾವ ಭಾಷೆಯೋರಿಗೂ ಅರ್ಥಾಯ್ತದೆ!"

ಒಂದು ದಿನ ಅವನು ಬರೆದಿಟ್ಟ ಪಟ್ಟಿಯನ್ನು ಮೋಹಿನಿ ಓದಿದಳು. ಜಾಕು, ಸ್ಟೆಪ್ನಿ, ಗೋಣಿಚೀಲ, ನೀರಿನ ಕ್ಯಾನು... ಅದರ ಕೆಳಗೆ, 'ಮುಂದಿನ ಸೀಟು ಮೋಹಿನಿಗೆ. ಹಿಂದೆ ಕೂತರೆ ತಲೆಸುತ್ತು.'

ಯಾವಾಗಲೋ ಒಮ್ಮೆ ಮಾತಿನ ನಡುವೆ ಹೇಳಿದ್ದಳು. ನೆನಪಿಟ್ಟುಕೊಂಡಿದ್ದಾನೆ! 'ಇವನಿಗೂ ನನ್ನ ಮೇಲೆ ಮನಸಿದೆಯಾ?' ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಫಾರಂನ ಸಹೋದ್ಯೋಗಿ ಅಂಬರೀಶ್, "ನನ್ನ ಹೊಸ ಕಾರಲ್ಲೇ ಹೋಗಿಬರೋಣ ಬನ್ನಿ" ಅಂತ ಕರೆದಿದ್ದ. ಅವನು ಕರೆದದ್ದು ಶಿವರಾಜುಗೆ ಗೊತ್ತಿತ್ತು. ಮೋಹಿನಿ ಬೇಡ ಅಂದದ್ದು ಗೊತ್ತಿರಲಿಲ್ಲ.

ಹೊರಡಬೇಕಾದ ದಿನ ಮಂಗಳವಾರ ಬಿತ್ತು. ಮಂಗಳವಾರ ಮನೆ ಬಿಟ್ಟು ಹೊರಡಲು ಅಜ್ಜಿ ಸುತರಾಂ ಒಪ್ಪಲಿಲ್ಲ. ಅದಕ್ಕೆ ಪರಸ್ಥಾನ ಇಡಿಸಿದಳು. ಅಂದರೆ, ಒಳ್ಳೆಯ ದಿನ ನೋಡಿ ಬ್ಯಾಗನ್ನು ಬೇಕಾದವರೊಬ್ಬರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಅವತ್ತೇ ಶುರುವಾದಂತೆ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ. ಸೋಮವಾರ ಬೆಳಿಗ್ಗೆಯೇ ಮೋಹಿನಿಯ ಬ್ಯಾಗು ಫಾರಂ ಕ್ವಾರ್ಟರ್ಸಿನಲ್ಲಿದ್ದ ಅಂಬರೀಶ್ ಮನೆ ಸೇರಿತು.

ಸೋಮವಾರ ಸಂಜೆ ಮೋಹಿನಿಯ ಫೋನಿಗೆ ಮೆಸೇಜು ಬಂತು.

'ಗಾಡಿ ರೆಡಿ ಇದೆ. ಓಡಿಸೋಕೆ ಬೇರೆಯವರನ್ನ ನೋಡಿಕೊಳ್ಳಿ. ನಾನು ಬರಲ್ಲ.'

ಫೋನ್ ಮಾಡಿದರೆ ಸ್ವಿಚ್ ಆಫ್!

ಇನ್ನೂರು ಸಸಿ ಕೈತಪ್ಪುತ್ತವೆ ಅನ್ನುವುದು ನಿಜ. ಆದರೆ ಅವಳ ಕಣ್ಣು ತುಂಬಿದ್ದು ಸಸಿಗಳಿಗಾಗಿ ಅಲ್ಲ. ಅಷ್ಟು ಸಲೀಸಾಗಿ 'ಬರಲ್ಲ' ಅಂದುಬಿಟ್ಟನಲ್ಲ...

ಬೆಳಗಾಗುತ್ತಲೇ ಮೊದಲ ಬಸ್ಸು ಹತ್ತಿ ಮದ್ದೂರಿನ ಗ್ಯಾರೇಜಿಗೆ ನುಗ್ಗಿದಳು. ತೊಳೆದು ನಿಲ್ಲಿಸಿದ್ದ ಓಮ್ನಿಯ ಪಕ್ಕದಲ್ಲಿ ಶಿವರಾಜು ಮುಖ ಊದಿಸಿಕೊಂಡು ಕೂತಿದ್ದ.

"ಯಾಕೆ ಬರಲ್ಲ? ಹೇಳಿ!"

"ನಾನ್ಯಾಕೆ? ಅಂಬರೀಶ್ ಇದ್ದಾರಲ್ಲ, ಹೊಸ ಕಾರೈತೆ. ನಿಮ್ ಬ್ಯಾಗೂ ಅಲ್ಲಿಗೇ ಓಗೈತೆ."

"ಯಾರು ಹೇಳಿದ್ದು?"

"ನೆನ್ನೆ ಲಗೇಜ್ ಕಟ್ಟಾಕೆ ಬಂದಿದ್ದೆ. ಅಜ್ಜಿ ಹೇಳುದ್ರು. ಪರಸ್ಥಾನ ಯಾರ್ ಮನೇಲಿ ಇಡ್ತಾರೆ ಅಂತ ನಂಗೊತ್ತಿಲ್ವಾ? ಬೇಕಾದೋರ ಮನೇಲಿ. ನಮ್ಮನೆ ನೆನಪಾಗ್ಲಿಲ್ಲ, ಅಲ್ವಾ?"

ಮೋಹಿನಿ ಹಣೆ ಚಚ್ಚಿಕೊಂಡಳು.

"ಪೆದ್ದು ಮುಂಡೇದೇ! ಪರಸ್ಥಾನ ಓಗೋ ದಿಕ್ಕಿಗೆ ಇಡ್ಬೇಕು! ನಾವು ಓಗೋದು ಮಂಡ್ಯದ ಕಡೆಗೆ. ಮದ್ದೂರು ಇರೋದು ಹಿಂದಕ್ಕೆ. 'ಅಲ್ಲಿಟ್ರೆ ಬೆಂಗ್ಳೂರಿಗೆ ಹೊರಟಂಗಾಯ್ತದೆ' ಅಂತ ಅಜ್ಜಿ ಹಟ ಹಿಡಿದ್ಲು. ಆ ಕಡೆ ಗುರ್ತಿರೋರು ಅಂದ್ರೆ ಅಂಬರೀಶ್ ಒಬ್ರೇ. ಅವ್ರ ಕಾರು ಬೇಡ ಅಂತ ಎಂದೋ ಹೇಳ್ಬುಟ್ಟಿದ್ದೀನಿ!"

"ಬರೀ... ದಿಕ್ಕು ನೋಡಿ ಇಟ್ಟಿದ್ದಾ?"

"ಮತ್ತಿನ್ನೇನು, ಮನಸು ನೋಡಿ ಇಡೋ ಹಂಗಿದ್ರೆ ಈ ಊರು ಬಿಟ್ಟು ಎಲ್ಲಿ ಇಡ್ತಿದ್ದೆ ನಾನು?"

ಅಂದುಬಿಟ್ಟಳು! ಅಂದಮೇಲೆ ಕೆನ್ನೆ ಸುಡತೊಡಗಿತು. ಸೆರಗಿಲ್ಲದ ಚೂಡಿದಾರದಲ್ಲಿ ಮುಖ ಮುಚ್ಚಿಕೊಳ್ಳಲು ವೇಲು ಹುಡುಕಿದಳು.

ಶಿವರಾಜು ಎದ್ದು ಬಂದ. ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿ, ಮತ್ತೊಮ್ಮೆ ಒರೆಸಿ, ಅವಳ ಕೈ ಹಿಡಿದ.

"ರಾತ್ರಿಯಿಂದ ಒಂದು ತುತ್ತು ಇಳೀಲಿಲ್ಲ ಕಣೇ. ನೀನು ಬೇರೆಯೋರ ಪಕ್ಕ ಕೂತು ಅಷ್ಟು ದೂರ ಓಯ್ತೀಯ ಅಂತ ನೆನೆಸ್ಕಂಡ್ರೆ... ನಂಗೆ ನೀನು ಬೇಕು ಮೋಹಿನಿ."

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ಹಂಗಾದ್ರೆ ಹೊರಡು. ಅಜ್ಜಿ ಬುತ್ತಿ ಕಟ್ಕೊಂಡು ಕಾಯ್ತಾವ್ಳೆ."

"ವಾಪಸ್ ಬರೋವಾಗ ಯಲಿಯೂರು ಮೊದ್ಲು ಸಿಗ್ತದೆ. ಅಲ್ಲೇ ಇಳ್ಕೊಂಡ್ಬುಡ್ತೀಯ?"

"ಇಲ್ಲ. ಸೀದಾ ಮದ್ದೂರಿಗೇ ಬತ್ತೀನಿ. ನಿಮ್ಮವ್ವನ ಹತ್ರ ಒಂದು ಮಾತು ಕೇಳ್ಬೇಕು."

"ಏನಂತ?"

"ನಿಮ್ಮ ಮಗನ್ನ ನಂಗೆ ಕೊಡ್ತೀರಾ, ಅಂತ."

ಅವನ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಅವ್ವ ಆಗಲ್ಲ ಅಂದ್ರೆ?"

"ಅಜ್ಜೀನೂ ಜೊತೇಲೇ ಕರ್ಕೊಂಡು ಬತ್ತೀನಲ್ಲ... ಅವಳ ಮುಂದೆ ಆಗಲ್ಲ ಅನ್ನಲಿ, ನೋಡೋಣ!"